ಇಳಿಯುವ ದಾರಿಯ ಎಚ್ಚರ

ಶಿವಗಂಗೆಯ ಬೆಟ್ಟದಲ್ಲಿ ನಾನು ಬಿದ್ದದ್ದು ಹತ್ತುವಾಗಲ್ಲ, ಇಳಿಯುವಾಗ. ನೆಲಮಂಗಲ ತಾಲ್ಲೂಕಿನ ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿದೆ. ಗಂಗಾಧರೇಶ್ವರನ ಗುಡಿಯನ್ನೂ ಒಳಕಲ್ಲು ತೀರ್ಥವನ್ನೂ ದಾಟಿದ ಮೇಲೆ ದಾರಿ ಬರಿಯ ಬಂಡೆಯ ಮೇಲೆ ಸಾಗುತ್ತದೆ. ಕಲ್ಲಿನಲ್ಲಿಯೇ ಕಡೆದ ಕಿರುಮೆಟ್ಟಿಲುಗಳು, ಪಕ್ಕದಲ್ಲಿ ಕಬ್ಬಿಣದ ಕಂಬಿ, ಅದರಾಚೆ ಬಯಲು. ಹತ್ತುವಾಗ ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟೆ. ನೆತ್ತಿಯ ಬಸವಣ್ಣನನ್ನು ಮುಟ್ಟಿ, ಗಾಳಿಗೆ ಮೈಯೊಡ್ಡಿ ನಿಂತಾಗ ಏನನ್ನೋ ಗೆದ್ದೆನೆಂಬ ಹಿಗ್ಗು. ಇಳಿಯುವಾಗ ಕಾಲು ಮೆಟ್ಟಿಲ ಮೇಲಿದ್ದರೂ ಮನಸ್ಸು ಆಗಲೇ ಕ್ಯಾತಸಂದ್ರದ ತಟ್ಟೆ ಇಡ್ಲಿಯ ಮುಂದೆ ಕುಳಿತಿತ್ತು. ಕಂಬಿಯ ಮೇಲಿನ ಕೈ ಯಾವಾಗ ಸಡಿಲಿತೋ ತಿಳಿಯದು. ಎಡಗಾಲಿನ ಹರಡು ಮುರಿಯಿತು. ಊರಿನ ನಾಲ್ವರು ಹುಡುಗರು ನನ್ನನ್ನು ಹೊತ್ತು ಕೆಳಗೆ ತಂದರು. ಅದಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಆ ಬಳಿಕ ಒಮ್ಮೆ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿದೆನಾದರೂ, ಬರುವಾಗ ಅರ್ಧ ಮೆಟ್ಟಿಲುಗಳನ್ನು ಕುಳಿತು ಕುಳಿತೇ ಇಳಿದೆನೆಂಬುದನ್ನು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ಶಿವಗಂಗೆಯಲ್ಲಿ ಬೀಳುವಿಕೆಯ ಮಾತು ಬಂದಾಗ ಯಾರಿಗಾದರೂ ನೆನಪಾಗುವವಳು ಶಾಂತಲೆ. ಬೆಟ್ಟದ ಮೇಲಿನ ಒಂದು ಕಡಿದಾದ ಅಂಚಿಗೆ 'ಶಾಂತಲಾ ಡ್ರಾಪ್' ಎಂಬ ಹೆಸರೇ ಅಂಟಿಕೊಂಡಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಅಲ್ಲಿಂದ ಕೆಳಕ್ಕೆ ಹಾರಿದಳೆಂಬ ಕಥೆಯನ್ನು ಪ್ರವಾಸಿಗರಿಗೆ ಇಂದಿಗೂ ಹೇಳುತ್ತಾರೆ. ಶಾಂತಲೆ ಜಿನಭಕ್ತೆ, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. ಚಂದ್ರಗಿರಿಯಲ್ಲಿ 1123ರಲ್ಲಿ ಶಾಂತಿನಾಥನಿಗೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಮಗಳ ಅಗಲಿಕೆಯ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ಹಿಡಿದುದನ್ನೂ ಅದು ದಾಖಲಿಸುತ್ತದೆ. ಆದರೆ ಹಾರಿದಳೆಂಬ ಮಾತು ಅದರಲ್ಲಿಲ್ಲ.

ಶ್ರಾವಕಿಯೊಬ್ಬಳ ಹೆಸರಿಗೆ ಇಂಥ ಕಥೆ ತಗುಲಿಕೊಂಡಿರುವುದು ಅನ್ಯಾಯವೆಂದೇ ನನಗೆ ತೋರುತ್ತದೆ. ಏಕೆಂದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಲೋಕಮೂಢತೆಗಳನ್ನು ಎಣಿಸುವಾಗ ಪುಣ್ಯವೆಂದು ನದಿ ಕಡಲುಗಳಲ್ಲಿ ಮೀಯುವುದು, ಮರಳು ಕಲ್ಲುಗಳ ರಾಶಿ ಒಟ್ಟುವುದು, ಬೆಂಕಿಗೆ ಬೀಳುವುದು ಇವುಗಳ ಜೊತೆಗೆ ಗಿರಿಪಾತವನ್ನೂ, ಅಂದರೆ ಬೆಟ್ಟದಿಂದ ಬೀಳುವುದನ್ನೂ ಹೆಸರಿಸುತ್ತದೆ. ಬಿದ್ದು ಸ್ವರ್ಗ ಪಡೆಯಬಹುದೆಂಬ ನಂಬಿಕೆಯನ್ನು ಆಚಾರ್ಯರು ಮೂಢತೆಯೆಂದೇ ಕರೆದರು. ರಾಗ, ದ್ವೇಷ, ಮೋಹಗಳ ಆವೇಗದಲ್ಲಿ ತನ್ನನ್ನು ತಾನು ಕೊಂದುಕೊಳ್ಳುವುದು ಬೇರೆ, ಸಲ್ಲೇಖನ ಬೇರೆ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಗೆರೆ ಎಳೆದಿರುವುದೂ ಇದೇ ಕಾರಣಕ್ಕೆ. ಆ ಚರ್ಚೆ ದೊಡ್ಡದು, ಇಲ್ಲಿ ಬೇಡ. ಬೀಳುವುದಕ್ಕೂ ಇಳಿಯುವುದಕ್ಕೂ ನಡುವೆ ನಮ್ಮ ಆಚಾರ್ಯರು ಭೇದ ಕಂಡಿದ್ದರೆಂಬಷ್ಟು ಸಾಕು. ಆ ಭೇದ ನನಗೆ ಪುಸ್ತಕದಲ್ಲಿ ತಿಳಿದಿತ್ತು. ಅಂಗಾಲಿಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ, ಸಾವನದುರ್ಗದ ಸೆರಗಿನ ಒಂದು ಸಣ್ಣ ಬಂಡೆಯ ಮೇಲೆ.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ತಂಗಿಯ ಮಗಳು. ದೊಡ್ಡಬಳ್ಳಾಪುರದ ಹುಡುಗಿ. ಕಾಲೇಜಿನ ದಿನಗಳಲ್ಲಿ ಮಾಕಳಿದುರ್ಗಕ್ಕೆ ಚಾರಣ ಹೋಗುತ್ತ ಹೋಗುತ್ತ ಬಂಡೆಯ ಹುಚ್ಚು ಹಿಡಿಸಿಕೊಂಡು, ಕ್ರಮವಾಗಿ ಶಿಲಾರೋಹಣ ಕಲಿತವಳು. "ಮಾವ, ನಿಮಗೆ ಹತ್ತುವುದು ಬೇಡ. ಇಳಿಯುವುದಕ್ಕಷ್ಟೇ ಬನ್ನಿ. ಬಂಡೆಯ ಹಿಂಬದಿಯಿಂದ ನಡೆದುಕೊಂಡೇ ಮೇಲೆ ಹೋಗಬಹುದು" ಎಂದಳು. ನಮ್ಮ ತಾಯಿಗೆ ಈ ಮಾತು ಹಿಡಿಸಲಿಲ್ಲ.

"ಮೇಲೆ ಬಸದಿ ಇದೆಯೇನಮ್ಮ?"

"ಇಲ್ಲ ಅಜ್ಜಿ."

"ಪಾದ, ನಿಸಿದಿ ಏನಾದರೂ?"

"ಏನೂ ಇಲ್ಲ."

"ಮತ್ತೆ ಯಾಕೆ ಹತ್ತಬೇಕು? ಯಾಕೆ ಇಳಿಯಬೇಕು?"

ಎಂಬತ್ತೈದರ ಮುದುಕಿಯ ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಪ್ರಯೋಜನವಿಲ್ಲದ ಚೇಷ್ಟೆಯಿಂದ ಜೀವಗಳಿಗೆ ನೋವುಂಟುಮಾಡುವುದನ್ನು ನಮ್ಮ ಶಾಸ್ತ್ರಗಳು ಅನರ್ಥದಂಡವೆನ್ನುತ್ತವೆ. ಅದನ್ನು ತೊರೆಯುವುದು ಗೃಹಸ್ಥನ ವ್ರತಗಳಲ್ಲಿ ಒಂದು. ಅದರ ಪಕ್ಕದಲ್ಲಿಯೇ ಇರುವ ಇನ್ನೊಂದು ವ್ರತ ದಿಗ್ವ್ರತ: ಹತ್ತು ದಿಕ್ಕುಗಳಲ್ಲಿ ಇಷ್ಟಕ್ಕಿಂತ ಆಚೆ ಹೋಗೆನೆಂದು ಎಲ್ಲೆ ಹಾಕಿಕೊಳ್ಳುವುದು. ನಾಲ್ಕು ದಿಕ್ಕು, ನಾಲ್ಕು ಮೂಲೆಗಳ ಜೊತೆಗೆ ಮೇಲೆ ಮತ್ತು ಕೆಳಗೆ ಎಂಬ ಎರಡೂ ಇದರಲ್ಲಿ ಸೇರಿವೆ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮೇಲಿನ ಎಲ್ಲೆ ಮೀರುವುದೆಂದರೆ ಪರ್ವತ ಮೊದಲಾದವನ್ನು ಏರುವುದು, ಕೆಳಗಿನ ಎಲ್ಲೆ ಮೀರುವುದೆಂದರೆ ಬಾವಿ ಮೊದಲಾದವುಗಳಲ್ಲಿ ಇಳಿಯುವುದು, ಅಡ್ಡದ ಎಲ್ಲೆ ಮೀರುವುದೆಂದರೆ ಬಿಲ ಗುಹೆಗಳನ್ನು ಹೊಗುವುದು ಎಂದು ಪೂಜ್ಯಪಾದರು ಉದಾಹರಣೆ ಸಹಿತ ವಿವರಿಸುತ್ತಾರೆ. ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಹಾಕಿಕೊಂಡ ಎಲ್ಲೆಯನ್ನೇ ಮರೆಯುವ ಸ್ಮೃತ್ಯಂತರಾಧಾನ ಐದನೆಯದು.

ಹದಿನಾಲ್ಕು ಹದಿನೈದು ಶತಮಾನಗಳ ಹಿಂದಿನ ಆಚಾರ್ಯರು ಬೆಟ್ಟ ಏರುವವರನ್ನೂ ಬಾವಿಗೆ ಇಳಿಯುವವರನ್ನೂ ಗಮನಿಸಿ ಮಾತಾಡಿದ್ದಾರೆಂಬುದು ಸೋಜಿಗ. ಇನ್ನೂ ಸೋಜಿಗವೆಂದರೆ, ಅವರು ಏರಬೇಡ ಎನ್ನುವುದಿಲ್ಲ. ಎಲ್ಲಿಯವರೆಗೆ ಎಂಬುದನ್ನು ಹೊರಡುವ ಮೊದಲೇ ನಿಶ್ಚಯಿಸು, ಮೇಲೆ ಹೋದ ಮೇಲೆ ಆಸೆಗೆ ಬಿದ್ದು ಅದನ್ನು ಹಿಗ್ಗಿಸಬೇಡ, ಮರೆಯಲೂ ಬೇಡ ಎನ್ನುತ್ತಾರೆ. ಸೊಸೆ ಅಜ್ಜಿಗೆ ಕೊಟ್ಟ ಉತ್ತರವೂ ಈ ಜಾಡಿನದೇ ಆಗಿತ್ತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳು ಆರೋಹಿಗಳ ಕಣ್ಣಿಗೆ ಹಬ್ಬ. ಆದರೆ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ಬೆಟ್ಟವದು. ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚಿನ ಮೇಲೆ ಗೂಡು ಕಟ್ಟಿ ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಮನುಷ್ಯ ಹತ್ತಿರ ಸುಳಿದು ಹಕ್ಕಿ ಗೂಡು ಬಿಟ್ಟೆದ್ದರೆ ಆ ವರ್ಷದ ಸಂತಾನವೇ ಹೋಯಿತು. "ಅಲ್ಲಿ ನಾವು ಹಗ್ಗ ಹಾಕುವುದಿಲ್ಲ ಅಜ್ಜಿ. ಹೆಜ್ಜೇನು ಕಟ್ಟಿದ ಬಂಡೆಯ ಕಡೆಗೂ ಹೋಗುವುದಿಲ್ಲ" ಎಂದಳು. ಅಜ್ಜಿ ಜೇನು ಮುಟ್ಟದವರು. ಹೆಜ್ಜೇನಿನ ಮಾತಿಗೆ ತುಸು ಸಮಾಧಾನಗೊಂಡಂತೆ ಕಂಡರು. 'ಯಾಕೆ' ಎಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ಸಾವನದುರ್ಗ ಈಗ ನಮ್ಮ ಜಿಲ್ಲೆಯಲ್ಲಿಲ್ಲ. 2007ರಲ್ಲಿ ರಾಮನಗರ ಜಿಲ್ಲೆ ರೂಪುಗೊಳ್ಳುವವರೆಗೆ ಅದೂ ಮಾಗಡಿಯೊಂದಿಗೆ ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು. ಆ ಸೀಮೆಯ ಬಂಡೆಗಳನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ರಾಮನಗರದ ಹಳೆಯ ಹೆಸರು ಕಲ್ಲಿನಲ್ಲಿ ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷಗಳ ಈ ಕಲ್ಲಿನಲ್ಲಿ ಕೈಗೆ ಸಿಗುವ ಹಿಡಿಗಳು ಕಡಿಮೆ. ಮಳೆ ಬಿಸಿಲುಗಳಿಗೆ ಸವೆದು ಬೋಳಾದ ಇಳಿಜಾರುಗಳೇ ಹೆಚ್ಚು. ಅಲ್ಲಿ ಆರೋಹಿಯನ್ನು ಕಾಯುವುದು ಕೈಬಲವಲ್ಲ, ಪಾದದಡಿಯ ಘರ್ಷಣೆ. ಹೆದರಿದವನು ಬಂಡೆಯನ್ನು ತಬ್ಬಿಕೊಳ್ಳಲು ಮುಂದಕ್ಕೆ ಬಾಗುತ್ತಾನೆ. ಬಾಗಿದೊಡನೆ ಮೈಭಾರ ಪಾದದ ಮೇಲಿಂದ ಸರಿದು ಕಾಲು ಜಾರುತ್ತದೆ. ನೆಟ್ಟಗೆ ನಿಂತು ಪಾದದ ಮೇಲೆ ಪೂರ್ತಿ ಭಾರ ಹಾಕಿದವನನ್ನು ಅದೇ ಬಂಡೆ ಹಿಡಿದುಕೊಳ್ಳುತ್ತದೆ. ಕಾಪಾಡಿಕೊಳ್ಳಬೇಕೆಂಬ ಅವಸರವೇ ಬೀಳಿಸುತ್ತದೆಯೆಂಬ ಈ ಪಾಠವನ್ನು ಸೊಸೆ ಬಂಡೆಯ ಬುಡದಲ್ಲಿಯೇ ನನಗೆ ಮೂರು ಬಾರಿ ಮಾಡಿಸಿದಳು.

ಮೇಲೆ ಹೋದ ಮೇಲೆ ಹಗ್ಗದ ಕೆಲಸ. ದೊಡ್ಡಬಳ್ಳಾಪುರ ನೇಕಾರರ ಊರು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ನೂಲಿನ ವಿಷಯದಲ್ಲಿ ಬೆರಳಿಗೇ ಕಣ್ಣಿರುತ್ತದೆ. ಅವಳು ಇಡೀ ಹಗ್ಗವನ್ನು ಗೇಣು ಗೇಣಾಗಿ ಬೆರಳುಗಳ ನಡುವೆ ಹಾಯಿಸಿದಳು. ಇಂಥ ಹಗ್ಗದಲ್ಲಿ ಹೊರಗೊಂದು ನೇಯ್ದ ಕವಚ, ಒಳಗೆ ಭಾರ ಹೊರುವ ನೈಲಾನ್ ಎಳೆಗಳ ಕಟ್ಟು. ಕವಚ ನುಣುಪಾಗಿದ್ದೂ ಒಳಗಿನ ಎಳೆ ನಜ್ಜುಗುಜ್ಜಾಗಿರಬಹುದು. ಅದು ಕಣ್ಣಿಗೆ ಕಾಣದು, ಬೆರಳಿಗೆ ಮೆದುವಾಗಿ ಸಿಗುತ್ತದೆ. ಹಗ್ಗವನ್ನು ಮೆಟ್ಟಬಾರದು, ಕಲ್ಲಿನ ಚೂಪಾದ ಅಂಚಿಗೆ ಉಜ್ಜಲು ಬಿಡಬಾರದು. ಆಧಾರಬಿಂದು ಒಂದೇ ಇರಬಾರದು, ಒಂದು ಕಿತ್ತರೂ ಇನ್ನೊಂದು ಹಿಡಿಯುವಂತಿರಬೇಕು. ಸೊಂಟಕ್ಕೆ ಹಾರ್ನೆಸ್, ಅದರ ಮುಂದೆ ಬೀಗ ಹಾಕಿದ ಕ್ಯಾರಬೈನರ್, ಅದರಲ್ಲಿ ಎಂಟರ ಆಕಾರದ ಲೋಹದ ಉಂಗುರ. ಹಗ್ಗ ಆ ಉಂಗುರದಲ್ಲಿ ಸುತ್ತಿ ಬರುವಾಗ ಹುಟ್ಟುವ ಘರ್ಷಣೆಯೇ ಇಳಿಯುವವನ ವೇಗಕ್ಕೆ ಕಡಿವಾಣ. ಆ ಕಡಿವಾಣ ಇರುವುದು ಕೆಳಗಿನ ಕೈಯಲ್ಲಿ. ಏನೇ ಆದರೂ ಆ ಕೈ ಹಗ್ಗ ಬಿಡಬಾರದು. ನನಗಾಗಿ ಎರಡನೆಯ ಹಗ್ಗವೊಂದನ್ನು ಕಟ್ಟಿ, ಅದನ್ನು ತನ್ನ ಜೊತೆಗಾರನ ಕೈಗೆ ಕೊಟ್ಟಳು. ಅವಳು ಕಟ್ಟಿದ್ದನ್ನು ಅವನು ಪರೀಕ್ಷಿಸಿದ, ಅವನು ಕಟ್ಟಿದ್ದನ್ನು ಅವಳು. ನೂರಾರು ಬಾರಿ ಇಳಿದವರಿಬ್ಬರೂ ಹೊಸಬರ ಹಾಗೆ ಬೀಗಗಳನ್ನು ತಿರುಗಿಸಿ ನೋಡುತ್ತಿದ್ದರು.

ವಸ್ತುವನ್ನು ಎತ್ತಿಕೊಳ್ಳುವಾಗ, ಇಡುವಾಗ ನೋಡಿ ಎತ್ತು, ನೋಡಿ ಇಡು ಎಂಬುದು ಮುನಿಗಳ ಐದು ಸಮಿತಿಗಳಲ್ಲಿ ಒಂದಾದ ಆದಾನನಿಕ್ಷೇಪಣ ಸಮಿತಿ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ ನಡೆ ಎಂಬುದು ಈರ್ಯಾಸಮಿತಿ. ಈ ಹುಡುಗರು ಮಾಡುತ್ತಿದ್ದುದನ್ನು ನೋಡುವಾಗ ಪಿಂಛಿಯಿಂದ ನೆಲ ಸವರಿ ಕಮಂಡಲು ಇಡುವ ಮುನಿಗಳ ಕೈ ನೆನಪಾಯಿತು. ಉಮಾಸ್ವಾತಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣಕ್ಕಿಂತ ಮೊದಲು ಹೇಳುವುದು ಪ್ರಮಾದವನ್ನು. ಜೀವಿ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ವರ್ತಿಸಿದವನಿಗೆ ಹಿಂಸೆಯ ದೋಷ ತಪ್ಪದು ಎಂಬುದು ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ನಿಲುವು. ಹಾಗೆ ನೋಡಿದರೆ ಶಿವಗಂಗೆಯಲ್ಲಿ ನಾನು ಬೀಳದೆಯೇ ಮನೆಗೆ ಬಂದಿದ್ದರೂ ತಪ್ಪು ತಪ್ಪೇ ಆಗಿರುತ್ತಿತ್ತು. ಹರಡು ಮುರಿದದ್ದು ಅದನ್ನು ನನಗೆ ತೋರಿಸಿಕೊಟ್ಟಿತಷ್ಟೆ.

ಆದರೆ ಇಲ್ಲಿ ಹಿಗ್ಗಿ ಮಾತು ಬೆಳೆಸಬಾರದು. ಗೋಡೆ ಹಾರುವ ಕಳ್ಳನೂ ಎಚ್ಚರದಿಂದಲೇ ಹೆಜ್ಜೆಯಿಡುತ್ತಾನೆ. ಬೀಳುವ ಭಯದಿಂದ ಹುಟ್ಟಿದ ಎಚ್ಚರಕ್ಕೂ ಕಷಾಯಗಳು ತಗ್ಗಿದಾಗ ಮೂಡುವ ಅಪ್ರಮಾದಕ್ಕೂ ಅಜಗಜಾಂತರ. ಬಂಡೆಯ ಮೇಲಿನ ಎಚ್ಚರ ಬಂಡೆ ಮುಗಿದೊಡನೆ ಮುಗಿಯುತ್ತದೆ. ಬೆಟ್ಟದಲ್ಲಿ ಗಂಟನ್ನು ಮೂರು ಸಲ ನೋಡುವವನು ಮನೆಯಲ್ಲಿ ಮಾತನ್ನು ಒಮ್ಮೆಯೂ ನೋಡದೆ ಆಡಬಹುದು. ಸೊಸೆಯೂ ಇದಕ್ಕೆ ಹೊರತಲ್ಲವೆಂದು ಅವಳ ತಾಯಿ ಹೇಳುತ್ತಾಳೆ.

ಅಂಚಿಗೆ ಬೆನ್ನು ಮಾಡಿ ನಿಂತೆ. ಅರವತ್ತು ಅಡಿ ಆಳ. ಈ ವಿದ್ಯೆಯನ್ನು ಕೆಲವರು ಅಬ್ಸೇಲಿಂಗ್ ಎನ್ನುತ್ತಾರೆ, ನಮ್ಮ ಶಿಬಿರಗಳಲ್ಲಿ ರ‍್ಯಾಪೆಲಿಂಗ್ ಎಂಬುದೇ ರೂಢಿ. ಹೆಸರು ಯಾವುದಾದರೂ ಕಷ್ಟ ಒಂದೇ: ಹಿಂದಕ್ಕೆ, ಏನೂ ಇಲ್ಲದ ಕಡೆಗೆ, ಕುಳಿತುಕೊಳ್ಳಬೇಕು. ಹುಟ್ಟಿನಿಂದ ಮೈ ಕಲಿತದ್ದೆಲ್ಲ ಬೇಡವೆನ್ನುತ್ತದೆ. "ಮಾವ, ಬಂಡೆ ತಬ್ಬಬೇಡಿ. ಕಾಲು ಅಗಲಿಸಿ, ಹಗ್ಗದ ಮೇಲೆ ಭಾರ ಬಿಡಿ" ಎಂದು ಅವಳು ಹೇಳುತ್ತಲೇ ಇದ್ದಳು. ಬಲಗೈಯಲ್ಲಿ ಹಗ್ಗ ಬೆವರಿನಿಂದ ಒದ್ದೆಯಾಗಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಭಾರ ಬಿಟ್ಟೆ. ಅಂಗಾಲು ಬಂಡೆಗೆ ಒತ್ತಿ ನಿಂತಿತು. ಒಂದು ಹೆಜ್ಜೆ, ಮತ್ತೊಂದು. ನಡುದಾರಿಯಲ್ಲಿ ಧೈರ್ಯ ಬಂದು, ಎರಡು ಹೆಜ್ಜೆಯನ್ನು ಒಟ್ಟಿಗೆ ಹಾರಲು ಹೋದೆ. ಕಾಲು ಜಾರಿ ಭುಜ ಬಂಡೆಗೆ ತಾಗಿತು. ಕೆಳಗಿನ ಕೈ ಮಾತ್ರ ಹಗ್ಗ ಬಿಟ್ಟಿರಲಿಲ್ಲ. ಗಾಳಿಯಲ್ಲಿ ತೂಗುತ್ತ ಒಂದು ನಿಮಿಷ ಹಾಗೆಯೇ ಇದ್ದೆ.

ಆ ಒಂದು ನಿಮಿಷದಲ್ಲಿ ನೆನಪಾದದ್ದು ಗೊಮ್ಮಟಸಾರ. ಗೊಮ್ಮಟೇಶ್ವರನ ಮೂರ್ತಿಯನ್ನು 981ರಲ್ಲಿ ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗ್ರಂಥ. ಅದಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ವೃತ್ತಿ ಬರೆದ. ಆತ್ಮದ ಏರಿಕೆಯನ್ನು ಹದಿನಾಲ್ಕು ಗುಣಸ್ಥಾನಗಳಾಗಿ ವಿವರಿಸುವ ಅದನ್ನು ನಾವು ಸಾಮಾನ್ಯವಾಗಿ ಏಣಿಯೆಂದೇ ಓದುತ್ತೇವೆ: ಮಿಥ್ಯಾತ್ವದ ನೆಲದಿಂದ ಅಯೋಗಕೇವಲಿಯ ನೆತ್ತಿಯವರೆಗೆ ಒಂದೊಂದೇ ಮೆಟ್ಟಿಲು. ಆದರೆ ಎರಡನೆಯ ಮೆಟ್ಟಿಲನ್ನು ಹತ್ತುತ್ತ ಯಾರೂ ಮೆಟ್ಟುವುದಿಲ್ಲ. ಸಾಸಾದನವೆಂಬ ಆ ಸ್ಥಾನ ಬೀಳುವವನಿಗೆ ಮಾತ್ರ ಇದೆ. ಸಮ್ಯಕ್ತ್ವವೆಂಬ ರತ್ನಪರ್ವತದ ಶಿಖರದಿಂದ ಜಾರಿದ್ದಾನೆ, ಮಿಥ್ಯಾತ್ವದ ನೆಲವನ್ನು ಇನ್ನೂ ಮುಟ್ಟಿಲ್ಲ. ಆ ನಡುಗಾಳಿಯ ಸ್ಥಿತಿಗೂ ಆಚಾರ್ಯರು ಒಂದು ಹೆಸರಿಟ್ಟು, ಕನಿಷ್ಠ ಒಂದು ಸಮಯ, ಗರಿಷ್ಠ ಆರು ಆವಲಿ ಎಂದು ಕಾಲವನ್ನೂ ಅಳೆದರು. ಕಣ್ಣೆವೆ ಇಕ್ಕುವಷ್ಟರೊಳಗೆ ಮುಗಿದುಹೋಗುವ ಅವಧಿಯದು. ಇದನ್ನೇ ಶ್ವೇತಾಂಬರ ಪರಂಪರೆ ಸಾಸ್ವಾದನವೆನ್ನುತ್ತದೆ. ಉಂಡ ಪಾಯಸ ವಾಂತಿಯಾದ ಮೇಲೂ ನಾಲಗೆಯಲ್ಲಿ ಉಳಿದ ಸಿಹಿಯಂತೆ, ಕಳೆದುಕೊಂಡುದರ ರುಚಿ ಇನ್ನೂ ಇದೆ.

ಹನ್ನೊಂದನೆಯ ಮೆಟ್ಟಿಲಿನ ಮಾತು ಇನ್ನೂ ಕಟುವಾದುದು. ಎಂಟನೆಯದರಿಂದ ದಾರಿ ಎರಡಾಗುತ್ತದೆ. ಮೋಹವನ್ನು ಬೇರುಸಹಿತ ಕೀಳುತ್ತ ಹೋಗುವವನದು ಕ್ಷಪಕಶ್ರೇಣಿ. ಅವನು ಹತ್ತನೆಯದರಿಂದ ನೇರವಾಗಿ ಹನ್ನೆರಡಕ್ಕೆ ಹೋಗುತ್ತಾನೆ, ಅವನಿಗೆ ಪತನವಿಲ್ಲ. ಮೋಹವನ್ನು ಅದುಮಿಡುತ್ತ ಹೋಗುವವನದು ಉಪಶಮಶ್ರೇಣಿ. ಅವನು ಹನ್ನೊಂದನ್ನು ತಲಪುತ್ತಾನೆ. ಅಲ್ಲಿ ಮನಸ್ಸು ಕತಕಬೀಜ ಹಾಕಿದ ನೀರಿನಂತೆ ತಿಳಿ. ಆದರೆ ಕೆಸರು ಹೋಗಿಲ್ಲ, ತಳದಲ್ಲಿದೆ. ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷ ತುಂಬುವ ಮೊದಲೇ, ಅದು ಕದಡಲೇಬೇಕು, ಅವನು ಇಳಿಯಲೇಬೇಕು. ಅಷ್ಟು ಎತ್ತರಕ್ಕೆ ಹೋದವನಿಗೂ ವಿನಾಯಿತಿ ಇಲ್ಲ. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ ಅನ್ಯಾಯವೆನಿಸುತ್ತಿತ್ತು. ಆದರೆ ಶಾಸ್ತ್ರ ಅಲ್ಲಿಗೆ ನಿಲ್ಲುವುದಿಲ್ಲ. ಕಾಲ ತೀರಿ ಇಳಿಯುವವನು ಏರಿದ ಕ್ರಮದಲ್ಲಿಯೇ ಹತ್ತು, ಒಂಬತ್ತು, ಎಂಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಏಳಕ್ಕೆ, ಆರಕ್ಕೆ ಬರುತ್ತಾನೆ. ಏಳನೆಯದು ಅಪ್ರಮತ್ತ, ಆರನೆಯದು ಪ್ರಮತ್ತ. ಮುನಿಯಾದವನು ಈ ಎರಡರ ನಡುವೆ ಉಯ್ಯಾಲೆಯಂತೆ ತೂಗುತ್ತಿರುತ್ತಾನೆ. ಅಲ್ಲಿ ನಿಲ್ಲಬಲ್ಲವನು ಮತ್ತೆ ಏರಬಹುದು. ಅಲ್ಲಿಯೂ ಎಚ್ಚರ ತಪ್ಪಿದವನಿಗೆ ಐದು, ನಾಲ್ಕು, ಕೊನೆಗೆ ಮಿಥ್ಯಾತ್ವದ ನೆಲವೂ ಇದೆ. ಬೆಟ್ಟ ಎಂದಾಗಲೆಲ್ಲ ಶಿಖರವನ್ನೇ ನೋಡುವ ನಾವು, ಇಳಿಯುವ ದಾರಿಯನ್ನು ಇಷ್ಟು ಕೂಲಂಕಷವಾಗಿ ಬರೆದಿಟ್ಟ ಪುಟಗಳನ್ನು ಬೇಗ ಬೇಗ ತಿರುವಿಬಿಡುತ್ತೇವೆ. ಉಪವಾಸ ಹಿಡಿದ ದಶಲಕ್ಷಣ ಪರ್ವದ ದಿನಗಳಲ್ಲಿ ಸಾಧುಗಳಂತಿದ್ದು, ಪಾರಣೆಯ ಮರುದಿನವೇ ಸೊಸೆಯ ಮೇಲೋ ನೆರೆಯವನ ಮೇಲೋ ಹರಿಹಾಯುವ ಮನೆಗಳು ನಮ್ಮಲ್ಲಿ ಕಡಿಮೆಯೇ? ವ್ರತ ಹತ್ತಿದ್ದಾಯಿತು, ಇಳಿಯುವುದಕ್ಕೆ ಯಾರೂ ಹಗ್ಗ ಕಟ್ಟಿಕೊಂಡಿರುವುದಿಲ್ಲ.

ಭುಜ ತರಚಿತ್ತಷ್ಟೆ. ಕಾಲು ಮತ್ತೆ ಬಂಡೆಗೆ ಕೊಟ್ಟು, ಈ ಸಲ ಹಾರದೆ, ಒಂದೊಂದೇ ಹೆಜ್ಜೆಯಾಗಿ ಇಳಿದೆ. ನೆಲ ಮುಟ್ಟಿದಾಗ ಹಗ್ಗದ ಎರಡೂ ತುದಿಗಳಲ್ಲಿ ದಪ್ಪನೆಯ ಗಂಟು ಬಿಗಿದಿದ್ದು ಕಂಡಿತು. ಹಗ್ಗ ನೆಲ ಮುಟ್ಟಿ ಇನ್ನೂ ಎರಡು ಮಾರು ಮಿಕ್ಕಿರುವಾಗ ಗಂಟೇಕೆ ಎಂದೆ. "ಇಲ್ಲಿ ಬೇಕಿಲ್ಲ ಮಾವ. ದೊಡ್ಡ ಬಂಡೆಗಳಲ್ಲಿ ಇಳಿಯುತ್ತ ಇಳಿಯುತ್ತ ಹಗ್ಗ ಮುಗಿದದ್ದೇ ಗೊತ್ತಾಗುವುದಿಲ್ಲ. ತುದಿ ಉಂಗುರದಿಂದ ಹಾಯ್ದುಹೋದರೆ ಮುಗಿಯಿತು. ನುರಿತವರೇ ಹಾಗೆ ಹೋಗಿದ್ದಾರೆ. ಅದಕ್ಕೇ ಬೇಕಿಲ್ಲದ ಕಡೆಯೂ ಗಂಟು ಹಾಕುತ್ತೇವೆ" ಎಂದಳು. ಸ್ಮೃತ್ಯಂತರಾಧಾನ ಎಂಬ ಪದವನ್ನು ಅವಳಿಗೆ ಹೇಳಿಕೊಟ್ಟೆ. ಹಗ್ಗ ಸುತ್ತುತ್ತಲೇ ಎರಡು ಬಾರಿ ಉಚ್ಚರಿಸಿ ನೋಡಿದಳು.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕಾದ್ದರಿಂದ ಮೂರು ಗಂಟೆಗೇ ಹೊರಟು ದೊಡ್ಡಬಳ್ಳಾಪುರ ಸೇರಿದೆವು. ತಾಯಿ ಜಗಲಿಯಲ್ಲಿ ಕುಳಿತಿದ್ದರು. ನನ್ನ ಭುಜವನ್ನೊಮ್ಮೆ, ಕಾಲನ್ನೊಮ್ಮೆ ನೋಡಿದರು.

"ಇಳಿದೆಯಾ?"

"ಇಳಿದೆ ಅಮ್ಮ."

"ಕೆಳಗೆ ನೆಲಕ್ಕೆ ಯಾವ ಕಾಲು ಮೊದಲು ಇಟ್ಟೆ?"

"ಬಲಗಾಲು ಇರಬೇಕು."

"ಇರಬೇಕು ಅಂದರೆ? ನೋಡಲಿಲ್ಲವೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಟ್ಟೆ ಹಾಕಲು ಒಳಗೆ ಹೋದರು.